ದರ್ಜಿ ಅಕ್ಕನ ಹೊಸ ದನಿ

ದರ್ಜಿ ಅಕ್ಕನ ಮೈಯಲ್ಲಿ ರಕ್ತ ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಮೂಳೆಯೊಳಗಿನ ಮಜ್ಜೆ ಕೈಕೊಟ್ಟಿತ್ತು. ಆಸ್ಪತ್ರೆಗೆ ಹೋಗಿ ಯಾರದೋ ರಕ್ತ ಏರಿಸಿಕೊಂಡು ಬಂದರೆ ಒಂದಷ್ಟು ದಿನ ಹೊಲಿಗೆ ಯಂತ್ರ ತುಳಿಯುವಷ್ಟು ಜೀವ. ಆಮೇಲೆ ಮತ್ತೆ ಕಣ್ಣು ಕತ್ತಲೆ, ಮೆಟ್ಟಿಲು ಕಂಡರೆ ಏದುಸಿರು. ಹೋಗಿ ಬಂದು, ಹೋಗಿ ಬಂದು ಅವಳಿಗೆ ಸಾಕುಸಾಕಾಗಿತ್ತು.

ಹಿಂದಿನ ಔಷಧ ನಾಟಲಿಲ್ಲವೆಂದು ಡಾಕ್ಟರಮ್ಮ ಹೊಸ ಮಾತ್ರೆಯ ಮಾತೆತ್ತಿದರು. "ಗಂಡಸರ ಹಾರ್ಮೋನ್ ಇರತ್ತಲ್ಲ, ಅದರ ಥರಾನೇ ಲ್ಯಾಬಲ್ಲಿ ಮಾಡಿದ್ದು. ಕೆಲವರಿಗೆ ಮಜ್ಜೆ ಮತ್ತೆ ಕೆಲಸ ಶುರು ಮಾಡತ್ತೆ, ಎಲ್ಲರಿಗೂ ಅಲ್ಲ. ಮುಖದ ಮೇಲೆ ಕೂದಲು ಬರಬಹುದು. ದನಿ ದಪ್ಪ ಆಗಬಹುದು, ಹಾಗಾದ್ರೆ ಮೊದಲಿನ ದನಿ ವಾಪಸ್ ಬರದೇ ಇರಬಹುದು. ಲಿವರ್ ಮೇಲಂತೂ ಕಣ್ಣಿಟ್ಟಿರಬೇಕು."

"ಯೋಚನೆ ಮಾಡು" ಎಂದ ಗಂಡ.

"ಯೋಚನೆ ಮಾಡೋಕೂ ತ್ರಾಣ ಬೇಕಲ್ಲ ರೀ. ಬರ್ಕೊಡಿ ಡಾಕ್ಟ್ರೇ."

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ದಾರಿಯಲ್ಲಿ ಎಲ್ಲೂ ಕೂರದೆ ಅಂಗಡಿ ತಲುಪಿದಳು. ರಕ್ತ ಏರಿಸುವುದು ನಿಂತಿತು. ಅದರ ಬೆನ್ನಿಗೇ ಗದ್ದದ ಮೇಲೆ ಕರಿ ಕೂದಲು ಮೂಡಿದವು. ಸಣ್ಣ ಕತ್ತರಿಯಲ್ಲಿ ಕತ್ತರಿಸಿಕೊಂಡಳು. ದನಿ ಒಡೆದು, ಒರಟಾಗಿ, ಕೆಳಗಿಳಿಯಿತು. ಫೋನ್ ಮಾಡಿದ ಗಿರಾಕಿಯೊಬ್ಬರು "ಅಣ್ಣಾ, ಸ್ವಲ್ಪ ಅಕ್ಕನಿಗೆ ಕೊಡಿ" ಅಂದರು. "ಇರಿ" ಎಂದು ಫೋನನ್ನು ಗಂಡನ ಕೈಗಿಟ್ಟು, ಬಟ್ಟೆಯ ರಾಶಿಯ ಹಿಂದೆ ಹೋಗಿ ಕೂತಳು. ಅತ್ತರೆ ಅಳುವೂ ಆ ದನಿಯಲ್ಲೇ ಬಂತು. ಬಾಯಿ ಮುಚ್ಚಿಕೊಂಡಳು.

ಗಂಡ ಪಕ್ಕದಲ್ಲಿ ಕೂತ. "ಬಿಟ್ಬಿಡೋಣ್ವಾ ಮಾತ್ರೆ?"

"ಬಿಟ್ರೆ ಮತ್ತೆ ಆ ಮಂಚ, ಆ ಸೂಜಿ. ನಿಮಗೆ ಈ ದನಿ ಬೇಜಾರಾ?"

"ಸುಳ್ಳು ಯಾಕೆ ಹೇಳ್ಲಿ, ಒಳಗಿಂದ ಕರೆದಾಗ ಯಾರಪ್ಪಾ ಇವನು ಅನ್ಸತ್ತೆ. ಆಮೇಲೆ ಬೈತೀಯಲ್ಲ, ಓ ಇವಳೇ ಅಂತ ಗೊತ್ತಾಗತ್ತೆ."

ಅವಳಿಗೆ ನಗು ಬಂತು, ಅತ್ತು ದಣಿದಿದ್ದವಳಿಗೆ ನಗುವುದಕ್ಕೂ ಆಯಾಸವಾಯಿತು.

ಮುಂದಿನ ತಪಾಸಣೆಯಲ್ಲಿ ಲಿವರ್ ಮುನಿಸಿಕೊಂಡಿರುವುದು ಗೊತ್ತಾಯಿತು. ಡಾಕ್ಟರಮ್ಮ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಲಿವರ್ ಸುಧಾರಿಸಿತು, ರಕ್ತದ ಮಟ್ಟ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಆಗೊಮ್ಮೆ ಈಗೊಮ್ಮೆ ಏರಿಸಿಕೊಳ್ಳಬೇಕಾಗುತ್ತಿತ್ತು, ಮೊದಲಿನಷ್ಟಲ್ಲ. ದನಿ ಮಾತ್ರ ಹಿಂದಿರುಗಲಿಲ್ಲ. ಅವಳು ಮಧ್ಯಾಹ್ನದವರೆಗೆ ಹೊಲಿದು, ಮಿಕ್ಕ ಹೊತ್ತು ಬೆಂಚಿಗೆ ಒರಗಿ, ಗಂಡನಿಗೆ ಕಾಲರು ಹೊಲಿಯುವುದನ್ನು ಕಲಿಸತೊಡಗಿದಳು. ಅವನು ಸೊಟ್ಟಗೆ ಹೊಲಿದದ್ದನ್ನು ಇಬ್ಬರೂ ಕೂತು ಬಿಚ್ಚುವುದರಲ್ಲೇ ಸಂಜೆಯಾಗುತ್ತಿತ್ತು.