ಗೋಡೆ ತಟ್ಟುವವನು

"ಮನೆ ಸಿಕ್ತೇನ್ರೀ, ಪರಮಶಿವಪ್ನೋರೇ?"

ಬೆಳಗ್ಗೆಯಿಂದ ಇದು ಹನ್ನೊಂದನೇ ಸಲ. ಗಂಗಾಶ್ರೀ ಅಪ್ಪನ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಇಲ್ರೀ, ನಾನು ಅವರ ಮಗಳು ಮಾತಾಡ್ತಿರಾದು. ಅಪ್ಪ ಬೆಳಗಿನ ಜಾವ ತೀರ್ಕಂಡ್ರು. ಸಂಜೆ ಐದಕ್ಕೆ ಮಣ್ಣು."

"ಅಯ್ಯೋ ಶಿವನೇ! ಸೋಮವಾರ ಮನೆ ತೋರಿಸ್ತೀನಿ ಅಂದಿದ್ರಲ್ರೀ!"

"ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ನಾನು ಈಶ್ವರ್ ಅಂತ, ಹೈಸ್ಕೂಲ್ ಮೇಷ್ಟ್ರು. ಬರ್ತೀನಿ ತಾಯಿ, ಈಗಲೇ ಬರ್ತೀನಿ."

ಮನೆ ದಲ್ಲಾಳಿಯಾಗಿದ್ದ ಅಪ್ಪನ ಫೋನಿನಲ್ಲಿ ಹೈಸ್ಕೂಲ್ ಮೇಷ್ಟ್ರು ಈಶ್ವರ್ 'ಬಾವಿ ಇರಬೇಕು' ಆಗಿದ್ದರು. ಅವರ ಮೇಲಿನವರು 'ಬಸ್‌ಸ್ಟ್ಯಾಂಡ್ ಸದ್ದು ಬೇಡ'. ಕೆಳಗಿನವರು 'ಮೂಡಲ ಬಾಗಿಲೇ ಆಗಬೇಕು'. ಮುನ್ನೂರಕ್ಕೂ ಹೆಚ್ಚು ನಂಬರುಗಳಲ್ಲಿ ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ. ಅಮ್ಮನ ನಂಬರು 'ಬಾಡಿಗೆ ಮನೆ'. ಗಂಡನ ಮನೆ ಸೇರಿದ್ದ ಗಂಗಾಶ್ರೀಯದು 'ಸೋಲಾರ್ ಇರುವ ಮನೆ'. ಅದನ್ನು ಕಂಡಾಗ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು.

ಅವಳು ಹುಡುಕುತ್ತಿದ್ದದ್ದು ಒಂದೇ ಒಂದು ನಂಬರು: ಚಿಕ್ಕಪ್ಪ ಚನ್ನೇಶನದು. ಅಣ್ಣತಮ್ಮಂದಿರು ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಸೊರಬದಲ್ಲಿ ಮನೆ ತಗೊಂಡಿದ್ದಾನೆ ಎನ್ನುವುದು ಗೊತ್ತು. ಯಾವ ಓಣಿ ಎಂದು ಕೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಮ್ಮನ ಹತ್ತಿರವಿದ್ದ ಹಳೆಯ ನಂಬರು ಚಾಲ್ತಿಯಲ್ಲಿರಲಿಲ್ಲ. ಗಂಗಾಶ್ರೀಯ ಗಂಡ ಗುರುಪ್ರಕಾಶ್ ಬೆಳಗ್ಗೆಯೇ ಬೈಕಿನಲ್ಲಿ ಸೊರಬಕ್ಕೆ ಹೋಗಿ ಓಣಿ ಓಣಿ ವಿಚಾರಿಸುತ್ತಿದ್ದ.

ಒಳಗಿಂದ ಅಮ್ಮ ರಾಜೇಶ್ವರಮ್ಮ ಅಂದಳು: "ಗಂಡುಮಗ ಇಲ್ಲ. ತಮ್ಮನೂ ಬರದಂಗೆ ಆ ಮನುಷ್ಯನ ಮ್ಯಾಲೆ ಮಣ್ಣು ಹಾಕಾದು ಬ್ಯಾಡ. ನಾನು ಎತ್ತಾಕೆ ಬಿಡಲ್ಲ."

* * *

ಅಪ್ಪ ಮೊದಲು ಹೆಸರುಗಳನ್ನೇ ಬರೆದುಕೊಳ್ಳುತ್ತಿದ್ದ. ಒಂದು ದಿನ ಚಹಾದಂಗಡಿಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದಾಗ, ಮನೆ ಕೊಳ್ಳಲು ಬಂದವನು ಮಾರುವವನ ನಂಬರನ್ನು ಕದ್ದು ನೋಡಿ ನೇರವಾಗಿ ವ್ಯಾಪಾರ ಕುದುರಿಸಿಬಿಟ್ಟ. ಅಂದಿನಿಂದ ಅಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದು 'ಬಾವಿ ಇರಬೇಕು' ಎನ್ನುವನು, ಫೋನೇ ಬರೆದುಕೊಳ್ಳುವುದು. ಕೊಳ್ಳುವವರೂ ಮಾರುವವರೂ ಹೊಸ್ತಿಲ ಮೇಲೆ ಎದುರಾಗುವ ತನಕ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಗಬಾರದು.

ಯಾವ ಮನೆಯನ್ನೇ ಆಗಲಿ ಅವನು ತಟ್ಟದೆ ತೋರಿಸಿದವನಲ್ಲ. ಬೆರಳು ಮಡಚಿ, ಗೆಣ್ಣಿನಿಂದ ಗೋಡೆಗೆ ಮೂರು ಸಲ ತಟ್ಟಿ, ಕಣ್ಣು ಮುಚ್ಚಿ ಕಿವಿ ಇಡುವನು. ಚಿಕ್ಕವಳಾಗಿದ್ದಾಗ ಗಂಗಾಶ್ರೀ ಕೇಳಿದ್ದಳು, "ಗೋಡೆ ಏನ್ ಹೇಳ್ತಪ್ಪ?"

"ಇರೋದು ಹೇಳ್ತೈತೆ. ಮನುಷ್ಯರು ಇಲ್ಲದ್ದೂ ಹೇಳ್ತಾರೆ."

ಚಿಕ್ಕಪ್ಪ ಮೆಕ್ಕೆಜೋಳದ ವ್ಯಾಪಾರದಲ್ಲಿ ನಾಕು ಕಾಸು ಕಂಡ ಮೇಲೆ ಸೊರಬದಲ್ಲಿ ಮನೆ ಹುಡುಕಿದ. ಅಣ್ಣನಿಗೆ ಒಂದು ಮಾತೂ ಹೇಳದೆ, ಅಕ್ಕಪಕ್ಕದವರನ್ನು ವಿಚಾರಿಸಿ, ಮಾಲೀಕನನ್ನು ತಾನೇ ಹಿಡಿದು ಕೊಂಡುಬಿಟ್ಟ. ಗೃಹಪ್ರವೇಶದ ಕಾರ್ಡು ಬಂದಾಗಲೇ ಅಪ್ಪನಿಗೆ ಗೊತ್ತಾದದ್ದು. ಊರವರಿಗೆಲ್ಲ ಮನೆ ಕೊಡಿಸುವ ಅಣ್ಣ ಸ್ವಂತ ತಮ್ಮನಿಗೆ ಬೇಡವಾಗಿದ್ದ. ಅಪ್ಪ ಕಾರ್ಡನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದ. ಹೋಗಲಿಲ್ಲ. ಇವತ್ತು ಗಂಗಾಶ್ರೀ ತೆಗೆದು ನೋಡಿದರೆ ಕಾರ್ಡಿನ ವಿಳಾಸವನ್ನೆಲ್ಲ ಗೆದ್ದಲು ತಿಂದಿತ್ತು.

* * *

ಮಧ್ಯಾಹ್ನದ ಹೊತ್ತಿಗೆ ಶಾಮಿಯಾನ ತುಂಬಿತು. ಹಣೆಯ ತುಂಬ ವಿಭೂತಿ ಬಳಿದು ಅಪ್ಪನನ್ನು ಕೂರಿಸಿದ್ದರು. ಬಂದವರು ಹಾರ ಹಾಕಿ ಕುರ್ಚಿ ಹಿಡಿದು ಕೂತರು. ಯಾರು ನೆಂಟರು, ಯಾರು ಗಿರಾಕಿಗಳು ಎಂದು ಗಂಗಾಶ್ರೀಗೆ ತಿಳಿಯದು. ಎಲ್ಲರಿಗೂ ಕೈ ಮುಗಿದಳು.

ಈಶ್ವರ್ ಮೇಷ್ಟ್ರ ಪಕ್ಕದಲ್ಲಿ ಬಸವಣ್ಣೆಮ್ಮ ಎಂಬ ಮುದುಕಿ ಕೂತಿದ್ದಳು.

"ಪಾಪ, ನನ್ ಮನೆಗೆ ಒಂದು ಪಾರ್ಟಿ ನೋಡಿದೀನಿ ಅಂದಿದ್ರು," ಎಂದಳು ಮುದುಕಿ. "ಸೋಮವಾರ ಕರ್ಕಂಡ್ ಬರ್ತೀನಿ ಅಂದಿದ್ರು. ಯಾರ ಪಾರ್ಟಿಯೋ ಏನೋ, ಇನ್ನ ಎಲ್ಲಿ ಹುಡುಕಾದು?"

"ನನಗೂ ಸೋಮವಾರಾನೇ ಅಂದಿದ್ರು," ಎಂದರು ಮೇಷ್ಟ್ರು. ಸ್ವಲ್ಪ ತಡೆದು, "ನಿಮ್ಮನೇಲಿ ಬಾವಿ ಐತೇನಮ್ಮ?"

"ಹಿತ್ಲಾಗೈತೆ. ಬ್ಯಾಸಿಗ್ಯಾಗೂ ಬತ್ತಲ್ಲ."

ಇಬ್ಬರೂ ಒಟ್ಟಿಗೆ ಅಪ್ಪನ ಮುಖ ನೋಡಿದರು, ಅವನನ್ನು ಕೇಳದೆ ಮಾತು ಮುಂದುವರಿಸುವುದು ಸರಿಯೋ ತಪ್ಪೋ ತಿಳಿಯದವರಂತೆ. ಅಪ್ಪನ ಜೊತೆಗೇ ದಲ್ಲಾಳಿ ಕೆಲಸ ಮಾಡುತ್ತಿದ್ದ ಉಜ್ಜಪ್ಪ ಅಭ್ಯಾಸಬಲದಿಂದ ಅರ್ಧ ಎದ್ದವನು, ನಾಚಿ ಮತ್ತೆ ಕೂತ.

ಗಂಗಾಶ್ರೀ ಫೋನನ್ನು ಅವನ ಕೈಗೆ ಕೊಟ್ಟಳು. "ಇದ್ರಾಗೆ ಸೊರಬದ ಮನೆ ಯಾವ್ಯಾವು, ನೀವಾದ್ರೂ ಹೇಳ್ರೀ ಕಾಕಾ."

ಉಜ್ಜಪ್ಪ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದುತ್ತಾ ಬಂದ. ಒಂದು ಕಡೆ ಅವನ ಬೆರಳು ನಿಂತಿತು. "ಇದೊಂದು ಮಾಡಿ ನೋಡವ್ವಾ," ಎಂದ.

ಅಲ್ಲಿ 'ಪೊಳ್ಳು ಗೋಡೆ' ಎಂದಿತ್ತು.

ಒಂದೇ ರಿಂಗಿಗೆ ಆ ಕಡೆಯವರು ಎತ್ತಿದರು. ಮನೆ ಸಿಕ್ಕಿತೇ ಎಂದು ಕೇಳಲಿಲ್ಲ.

"ಅಣ್ಣಾ?"

ಗಂಗಾಶ್ರೀ ಫೋನನ್ನು ಕಿವಿಗೆ ಒತ್ತಿಕೊಂಡು ಅಪ್ಪನತ್ತ ನೋಡಿದಳು.

"ಅಣ್ಣಾ, ಮಾತಾಡೋ ಮಾರಾಯ. ಎಷ್ಟು ವರ್ಷ ಆಯ್ತು."

* * *

ಗುರುಪ್ರಕಾಶನ ಬೈಕಿನ ಹಿಂದೆ ಕೂತು ಚನ್ನೇಶ್ ಬಂದಾಗ ನಾಲ್ಕೂವರೆ. ಅಣ್ಣನ ಕಾಲು ಹಿಡಿದು ಅತ್ತ. ರಾಜೇಶ್ವರಮ್ಮ ಬೈಯಬೇಕೆಂದು ಕಟ್ಟಿಟ್ಟಿದ್ದ ಮಾತೆಲ್ಲ ಮರೆತು ಅವನ ತಲೆ ಸವರಿದಳು. ಎದ್ದು ಮುಖ ಒರೆಸಿಕೊಂಡು ಅವನು ಗಂಗಾಶ್ರೀಯನ್ನು ಕೇಳಿದ: "ನನ್ ನಂಬರು ಎಲ್ಲಿ ಸಿಕ್ತೇ?"

"ಅಪ್ಪನ ಫೋನಲ್ಲೇ ಇತ್ತು."

"ಹೊಸ ನಂಬರು ಅದು. ಯಾರತ್ರ ಇಸ್ಕೊಂಡ? ಏನಂತ ಇಟ್ಕೊಂಡಿದ್ದ?"

ತೋರಿಸಲೋ ಬೇಡವೋ ತಿಳಿಯದೆ ಅವಳು ಸೆರಗಿನಲ್ಲಿ ಫೋನು ಮುಚ್ಚಿದಳು. ಅವನೇ ಮೆಲ್ಲಗೆ ತೆಗೆದುಕೊಂಡು ಓದಿದ. ಓದಿ, ಮತ್ತೊಮ್ಮೆ ಓದಿದ.

"ಇದು ಹೇಗೆ ಗೊತ್ತಾಯ್ತು ಇವನಿಗೆ? ಅಡುಗೆಮನೆ ಗೋಡೆ ಹೋದ ಮಳೆಗಾಲ ಬಿರುಕು ಬಿಟ್ಟಿದೆ. ಒಳಗೆಲ್ಲ ಬರೀ ಪೊಳ್ಳು. ನಾನು ಯಾರಿಗೂ ಹೇಳಿಲ್ಲ, ಮರ್ಯಾದೆ ಹೋಗುತ್ತೆ ಅಂತ."

ಉಜ್ಜಪ್ಪ ಕೆಮ್ಮಿದ. "ಆ ಮನಿ ಮೊದ್ಲು ನಮ್ ಕೈಗೇ ಬಂದಿತ್ತಪ್ಪಾ. ನಿಮ್ಮಣ್ಣ ತಟ್ಟಿ ನೋಡಿ, ಇದನ್ನ ಯಾರಿಗೂ ತೋರ್ಸಾದು ಬ್ಯಾಡ ಅಂದ. ಅದೇ ಮನೀನ ನೀನು ತಗಂಡೆ."

"ಮತ್ತೆ ಹೇಳಬಹುದಿತ್ತಲ್ಲ ನನಗೆ!"

"ನೀನು ಕೇಳಬಹುದಿತ್ತಲ್ಲ."

ಅಪ್ಪ ಅದನ್ನು ಸಿಟ್ಟಿನಿಂದ ಹಾಗೆ ಬರೆದುಕೊಂಡಿದ್ದನೋ, ಎಂದಾದರೂ ಒಂದು ದಿನ ಹೇಳಬೇಕೆಂದು ಬರೆದುಕೊಂಡಿದ್ದನೋ, ಗಂಗಾಶ್ರೀಗೆ ತಿಳಿಯಲಿಲ್ಲ. ಅಪ್ಪನ ಮುಖ ನೋಡಿದರೂ ತಿಳಿಯಲಿಲ್ಲ. ಅಷ್ಟರಲ್ಲಿ ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು, ಹೊತ್ತಾಯಿತು ಎಂದರು.

ರುದ್ರಭೂಮಿಯಲ್ಲಿ ಕೆಂಪು ಮಣ್ಣಿನ ಗುಂಡಿ ತೋಡಿ, ಒಂದು ಪಕ್ಕಕ್ಕೆ ಅಪ್ಪ ಕೂರುವಷ್ಟು ಗೂಡು ಕೊರೆದಿದ್ದರು. ಇನ್ನೇನು ಇಳಿಸಬೇಕು, ಆಗ ಚನ್ನೇಶ್ ಚಪ್ಪಲಿ ಬಿಟ್ಟು ಮುಂದೆ ಬಂದ.

"ಒಂದ್ ನಿಮಿಷ ನಿಲ್ಲಿ."

"ಏನ್ರೀ, ಹೊತ್ತು ಮೀರ್ತೈತೆ," ಎಂದರು ಅಯ್ಯನವರು.

ಅವನು ಆಗಲೇ ಗುಂಡಿಗೆ ಇಳಿದಿದ್ದ. ಬಗ್ಗಿ ಗೂಡಿನೊಳಗೆ ತಲೆ ಹಾಕಿ, ಬೆರಳು ಮಡಚಿ ಗೆಣ್ಣಿನಿಂದ ಮಣ್ಣಿನ ಗೋಡೆಗೆ ತಟ್ಟಿದ. ಒಂದು, ಎರಡು, ಮೂರು. ಎಡಕ್ಕೆ ತಟ್ಟಿದ. ಬಲಕ್ಕೆ ತಟ್ಟಿದ. ಮೇಲೆ ಮೇಷ್ಟ್ರು, ಗುರುಪ್ರಕಾಶ್, ಉಜ್ಜಪ್ಪ ಎಲ್ಲರೂ ಅಪ್ಪನನ್ನು ಹೊತ್ತುಕೊಂಡೇ ಕಾಯುತ್ತಿದ್ದರು. ಚನ್ನೇಶ್ ಕಣ್ಣು ಮುಚ್ಚಿ, ಕಿವಿಯನ್ನು ಮಣ್ಣಿಗೆ ಇಟ್ಟ.