ಬುಧವಾರದ ಆಟಕ್ಕೆ ಎಮೆಟ್ ರೋರ್ಕ್ ಹಾಜರಿ

ಒಂದೂವರೆಗೆ ಇನ್ನು ನಾಲ್ಕೇ ನಿಮಿಷ. ಹಾಜರಿ ಹಾಳೆಯಲ್ಲಿ ಎಮೆಟ್ ರೋರ್ಕ್ ಹೆಸರಿನ ಮುಂದೆ, ಬುಧವಾರದ ಮಧ್ಯಾಹ್ನದ ಆಟಕ್ಕೆ ಸಹಿ ಹಾಕುವ ಚೌಕದ ಮನೆ ಖಾಲಿ ಇತ್ತು. ನಿಲ್ಸಾ ಕೊಲೋನ್ ಅದನ್ನು ಮೂರನೇ ಸಲ ನೋಡಿದಳು. ನೋಡಿದ ಮಾತ್ರಕ್ಕೆ ತುಂಬುತ್ತದೆಯೇ?

ಬ್ರಾಡ್‌ವೇಯಲ್ಲಿ ಯಾವ ಥಿಯೇಟರಿಗೆ ಹೋದರೂ ಕಟ್ಟಳೆ ಒಂದೇ. ಆಟಕ್ಕೆ ಅರ್ಧ ಗಂಟೆ ಮೊದಲು ನಟ ಬಂದು, ಹಿಂಬಾಗಿಲ ಬಳಿ ತೂಗುಹಾಕಿದ ಹಾಳೆಯಲ್ಲಿ ಸ್ವಂತ ಕೈಯಿಂದ ಸಹಿ ಗೀಚಬೇಕು. ಗೀಚದಿದ್ದರೆ ಪಾತ್ರ ಬದಲಿ ನಟನ ಪಾಲು. ಒಬ್ಬರ ಹೆಸರಿನ ಮನೆಯಲ್ಲಿ ಇನ್ನೊಬ್ಬರು ಸಹಿ ಹಾಕುವುದು ಕಳ್ಳತನಕ್ಕಿಂತ ಕೆಟ್ಟದ್ದು. ಕಳ್ಳನನ್ನಾದರೂ ಮತ್ತೆ ಕೆಲಸಕ್ಕೆ ಕರೆದಾರು.

ನಲವತ್ತೆಂಟು ವರ್ಷದಲ್ಲಿ ಎಮೆಟ್ ಒಂದೇ ಒಂದು ಆಟವನ್ನೂ ತಪ್ಪಿಸಿದವನಲ್ಲ. ಟೊಲೀಡೊದಿಂದ ಬಂದು, ಮೂಲೆಯಲ್ಲಿ ಈಟಿ ಹಿಡಿದು ನಿಲ್ಲುವ ಸೈನಿಕನಾಗಿ ಶುರು ಮಾಡಿದ್ದ. ಹಾಲಿವುಡ್‌ಗೆ ಹೋಗಿ ಹದಿನೇಳು ಚಿತ್ರಗಳಲ್ಲಿ ಕುದುರೆಯಿಂದ ಬಿದ್ದು ಸತ್ತ. ಆಮೇಲೆ ಟಿವಿಯಲ್ಲಿ ಹನ್ನೊಂದು ವರ್ಷ ಪೊಲೀಸ್ ಕ್ಯಾಪ್ಟನ್. ಬೀದಿಯಲ್ಲಿ ಜನ ಇವತ್ತಿಗೂ "ಕ್ಯಾಪ್ಟನ್!" ಎಂದು ಕೂಗುತ್ತಾರೆ, ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ರಂಗದ ಮೇಲೆ ಮುಖ್ಯ ಪಾತ್ರವೆಂಬುದು ಸಿಕ್ಕಿದ್ದು ಈಗ, ಎಪ್ಪತ್ತೆರಡನೇ ವಯಸ್ಸಿನಲ್ಲಿ: ಹಿಮದಲ್ಲಿ ದಾರಿ ತಪ್ಪಿ ತನ್ನ ಮನೆ ಹುಡುಕುವ ಮುದಿ ರೈಲು ಡ್ರೈವರ್.

ನಿಲ್ಸಾ ಅವನಿಗೆ ಪಾತ್ರದ ಬಟ್ಟೆ ತೊಡಿಸುವವಳು. ಇಪ್ಪತ್ತೈದು ವರ್ಷ ಅವನ ಗುಂಡಿ ಹಾಕಿದವಳಿಗೆ ಅವನ ನಾಡಿ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಮೂರು ವಾರದಿಂದ ಅವನಿಗೆ ಮಾತು ಮರೆಯುತ್ತಿತ್ತು. ಅವಳು ಸೈಡ್ ವಿಂಗಿನಲ್ಲಿ, ಪರದೆ ಮರೆಗೆ ನಿಂತು ತುಟಿಯಾಡಿಸಿ ಮಾತು ದಾಟಿಸುತ್ತಿದ್ದಳು. ಮ್ಯಾನೇಜರಿಗೆ ಗೊತ್ತಾದರೆ ಪಾತ್ರ ಹೋಯಿತು. ಈ ಪಾತ್ರ ಹೋದರೆ ಅವನಿಗೆ ಇನ್ನೊಂದು ಬರುವುದಿಲ್ಲ.

ಅತ್ತಿತ್ತ ನೋಡಿ, ಪೆನ್ಸಿಲ್ ಎತ್ತಿಕೊಂಡು, ಅವನ ಓರೆ ಅಕ್ಷರದಲ್ಲೇ ಸಹಿ ಗೀಚಿ ಬೀದಿಗಿಳಿದಳು.

ಅವನನ್ನು ಹುಡುಕಿ ಓಡುವುದು ಎಲ್ಲಿಗೆ? ನಿನ್ನೆ ಮೇಕಪ್ ಕೋಣೆಯಲ್ಲಿ ಅವನು, "ಇಲ್ಲೊಂದು ಕಿಟಕಿ ಇತ್ತಲ್ಲ, ಯಾರು ಮುಚ್ಚಿದ್ರು?" ಎಂದು ಕೇಳಿದ್ದ. ಈ ಕೋಣೆಗೆ ಕಿಟಕಿ ಇರಲೇ ಇಲ್ಲ. ಕಿಟಕಿ ಇದ್ದದ್ದು ಮೂರು ಬೀದಿ ಆಚೆಯ ಥಿಯೇಟರಿನಲ್ಲಿ, ಅವಳು ಮೊದಲ ಸಲ ಅವನ ಕೋಟು ಹಿಡಿದ ಕೋಣೆಗೆ. ನಿಲ್ಸಾ ಮಂಡಿನೋವನ್ನು ಬೈದುಕೊಂಡು ಆ ಕಡೆ ಓಡಿದಳು.

ಅವನು ಅಲ್ಲೇ ಇದ್ದ. ಆ ಕೋಣೆ ಈಗ ಕುಣಿಯುವ ಹುಡುಗಿಯರದ್ದು. ಬಣ್ಣದ ಗರಿಗಳ ರಾಶಿ ನಡುವೆ, ಯಾರೋ ಕೊಟ್ಟ ಕಾಫಿ ಹಿಡಿದು ಮಹಾರಾಜನ ಗತ್ತಿನಲ್ಲಿ ಕೂತಿದ್ದ. ಹುಡುಗಿಯರು ಕ್ಯಾಪ್ಟನ್ ತಮ್ಮನ್ನು ನೋಡಲು ಬಂದಿದ್ದಾರೆಂದು ಹಿಗ್ಗಿ ಹೀರೇಕಾಯಿಯಾಗಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ದೆ ನೀನು?" ಅವಳನ್ನು ಕಂಡದ್ದೇ ಗದರಿದ. "ನನ್ನ ಬೂಟೆಲ್ಲಿ?"

"ಬೂಟು ಆ ಕಡೆ ಇದೆ. ಏಳಿ, ಡಾನ್ ಎಮೆಟ್." ಅವಳ ಪೋರ್ಟೊರಿಕೊ ಕಡೆ ಹಿರಿಯರನ್ನು ಕರೆಯುವುದೇ ಹಾಗೆ.

"ಪೊಲೀಸ್ ಕ್ಯಾಪ್ಟನ್‌ನ ಡಾನ್ ಅಂತೀಯಲ್ಲೇ" ಎಂದು ಎಂದಿನಂತೆ ಛೇಡಿಸುತ್ತ ಎದ್ದವನು ಗರಿಗಳನ್ನು ನೋಡಿದ, ಕಿಟಕಿಯನ್ನು ನೋಡಿದ. "ನಿಲ್ಸಾ, ಇದು ನಮ್ಮ ಜಾಗ ಅಲ್ಲ."

"ಅಲ್ಲ. ನಡೀರಿ, ಟೈಮಿದೆ."

ದಾರಿಯುದ್ದಕ್ಕೂ ಅವನು ಅವಳ ತೋಳು ಬಿಡಲಿಲ್ಲ. ಹಿಂಬಾಗಿಲು ಹೊಕ್ಕವನೇ ಅಭ್ಯಾಸಬಲದಿಂದ ಪೆನ್ಸಿಲಿಗೆ ಕೈ ಹಾಕಿದ. ಅವನ ಹೆಸರಿನ ಮನೆ ಆಗಲೇ ತುಂಬಿತ್ತು. ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಇದು ನಾನು ಹಾಕಿದ್ದಲ್ಲ."

"ಸುಮ್ನಿರಿ. ನಾನೇ ಹಾಕ್ದೆ."

"ತಲೆ ಕೆಟ್ಟಿದೆಯಾ ನಿಂಗೆ? ಗೊತ್ತಾದ್ರೆ ಈ ಊರಲ್ಲಿ ಯಾರೂ ನಿನ್ನ ಹತ್ರ ಒಂದು ಗುಂಡೀನೂ ಹೊಲಿಸಲ್ಲ."

"ಯಾರಿಗೂ ಗೊತ್ತಾಗಲ್ಲ. ಎರಡೇ ಗಂಟೆ ಆಟ. ನಾನು ವಿಂಗಲ್ಲೇ ನಿಂತಿರ್ತೀನಿ."

ಅವನು ಕನ್ನಡಕ ತೆಗೆದು ಅವಳ ಕಡೆ ತಿರುಗಿದ. "ಪರದೆ ಎದ್ದ ಕೂಡ್ಲೆ ನನ್ನ ಮೊದಲ ಮಾತು ಏನು, ಹೇಳು."

"ಈ ಬೇಲಿ ನಮ್ಮದೇ, ಇದಕ್ಕೆ ನಾನೇ ಬಣ್ಣ ಬಳ್ದಿದ್ದೆ."

"ನೋಡು, ನಿಂಗೆ ಬರುತ್ತೆ. ನಾನು ಮೂರು ಬೀದಿ ಆ ಮಾತನ್ನೇ ಹುಡುಕಿಕೊಂಡು ಬಂದೆ, ಸಿಗಲಿಲ್ಲ."

ನಿಲ್ಸಾಳಿಗೆ ಅಳು ಬಂತು. ಮದುವೆಯಾದವನು ನಾಲ್ಕೇ ವರ್ಷಕ್ಕೆ ಬಿಟ್ಟು ಹೋದಾಗಲೂ ಹೀಗೆ ಅತ್ತವಳಲ್ಲ. ಎಮೆಟ್ ಅವಳ ಬೆನ್ನು ತಟ್ಟಿ, ಆ ಸಹಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ. ಸ್ಟೇಜ್ ಮ್ಯಾನೇಜರ್ ಗ್ರೆಚೆನ್‌ಳನ್ನು ಕರೆದ.

"ತಪ್ಪಾಯ್ತಮ್ಮ ಗ್ರೆಚೆನ್. ನಿನ್ನೆ ಸಹಿ ಹಾಕುವಾಗ ಇವತ್ತಿನ ಮನೇಲೂ ಗೀಚಿಬಿಟ್ಟಿದೀನಿ. ಇವತ್ತು ನನ್ನ ಕೈಲಾಗಲ್ಲ. ಲೋವೆಲ್‌ಗೆ ಹೇಳು."

ಗ್ರೆಚೆನ್ ಹಾಳೆ ನೋಡಿದಳು, ನಿಲ್ಸಾಳ ಒದ್ದೆ ಮುಖ ನೋಡಿದಳು. ದಡ್ಡಿಯಲ್ಲ ಅವಳು. "ಮುಂಚಿತವಾಗಿ ಗೀಚಬಾರದು ಅಂತ ನಿಮಗೆ ಎಷ್ಟು ಸಲ ಹೇಳಬೇಕು, ಎಮೆಟ್?" ಎಂದಷ್ಟೇ ಅಂದು, ಅವನ ಕೆನ್ನೆಗೆ ಮುತ್ತಿಟ್ಟು ಹೋದಳು.

ಬದಲಿ ನಟ ಲೋವೆಲ್ ಪೈಕ್ ಏಳು ತಿಂಗಳಿಂದ ಮೇಲಿನ ಕೋಣೆಯಲ್ಲಿ ಕೂತು ಪದಬಂಧ ಬಿಡಿಸುತ್ತಿದ್ದವನು. ಈಗ ಗಡಗಡ ನಡುಗುತ್ತ ಬಂದ. ಪಾತ್ರದ ಪ್ಯಾಂಟು ಅವನಿಗೆ ಒಂದು ಗೇಣು ಉದ್ದ. ನಿಲ್ಸಾ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೆಳಗೆ ಕೂತಳು. ಕೋಟು ಹಿಡಿದು ನಿಂತದ್ದು ಎಮೆಟ್.

"ತೋಳು ತೂರಿಸು, ಮಗು. ಐವತ್ತಾಯ್ತಲ್ಲ ನಿಂಗೆ, ಇನ್ನೂ ನಡುಕ ಹೋಗಿಲ್ವಾ? ಮೊದಲ ಅಂಕದಲ್ಲಿ ಮಗಳು ಬಾಗಿಲು ತೆಗೆದಾಗ ತಕ್ಷಣ ಮಾತಾಡಬೇಡ. ಅವಳ ಮುಖ ನೋಡು. ಜನ ಕಾಯ್ತಾರೆ."

"ನೀವು ಬೇಜಾರು ಮಾಡ್ಕೋಬೇಡಿ, ಸರ್."

"ಬೇಜಾರಾಗಿದೆ ಕಣಯ್ಯ. ಹೋಗು, ಚೆನ್ನಾಗಿ ಮಾಡು."

ಆಟವನ್ನು ಎದುರಿಗೆ ಕೂತು ಎಂದೂ ನೋಡಿಲ್ಲ, ಇವತ್ತಾದರೂ ನೋಡೋಣ ಅಂದ ಎಮೆಟ್. ಗ್ರೆಚೆನ್ ಅವನಿಗೂ ನಿಲ್ಸಾಳಿಗೂ ಕೊನೆಯ ಸಾಲಿನಲ್ಲಿ ಎರಡು ಕುರ್ಚಿ ಕೊಡಿಸಿದಳು. ಪ್ರೋಗ್ರಾಮ್ ಪುಸ್ತಿಕೆಯೊಳಗೆ ಬೆರಳಗಲದ ಚೀಟಿ ಇತ್ತು: ಇಂದು ಎಮೆಟ್ ರೋರ್ಕ್ ಬದಲು ಲೋವೆಲ್ ಪೈಕ್. ಅದನ್ನು ಓದಿದ ಪಕ್ಕದ ಹೆಂಗಸು, "ಕ್ಯಾಪ್ಟನ್ ಇಲ್ವಂತೆ! ಅವನಿಗೋಸ್ಕರ ನ್ಯೂಜೆರ್ಸಿಯಿಂದ ಬಂದೆ, ನನ್ನ ಹಣೆಬರಹ" ಎಂದು ಚೀಟಿಯಿಂದ ಕಣ್ಣೆತ್ತದೆ ಎಮೆಟ್‌ನ ಹತ್ತಿರವೇ ದೂರಿಕೊಂಡಳು.

"ಇವನೂ ಪರವಾಗಿಲ್ಲ, ನೋಡಿ" ಎಂದ ಎಮೆಟ್.

ಪರದೆ ಎದ್ದಿತು. ಲೋವೆಲ್ ಮೊದಮೊದಲು ತಡವರಿಸಿದರೂ ಬರಬರುತ್ತ ಹಿಡಿತಕ್ಕೆ ಬಂದ. ಮಗಳು ಬಾಗಿಲು ತೆಗೆದಳು. ಅವನು ಮಾತಾಡದೆ ಅವಳ ಮುಖವನ್ನೇ ನೋಡಿದ. ನ್ಯೂಜೆರ್ಸಿಯ ಹೆಂಗಸು ಕರ್ಚೀಫು ತೆಗೆದಳು. ಎಮೆಟ್ ಕತ್ತು ಮುಂದೆ ಚಾಚಿ, ಬಾಯಿ ಅರೆತೆರೆದು ನೋಡುತ್ತಿದ್ದ. ಗೆದ್ದನಲ್ಲ ಲೋವೆಲ್ ಎಂದು ಅವನಿಗೆ ಖುಷಿಯಾಗಿರಬೇಕೆಂದು ನಿಲ್ಸಾ ಅಂದುಕೊಂಡಳು.

ಎರಡನೇ ಅಂಕದಲ್ಲಿ, ಮುದುಕ ಮತ್ತೆ ಹಿಮಕ್ಕಿಳಿದಾಗ, ಎಮೆಟ್ ಅವಳ ಕೈ ಬಿಗಿಯಾಗಿ ಹಿಡಿದುಕೊಂಡ. ಕಿವಿಯ ಹತ್ತಿರ ಬಾಗಿ ಕೇಳಿದ, "ಆ ಮನುಷ್ಯ ಕೊನೆಗೆ ಮನೆ ಸೇರ್ತಾನಾ?"

ತಮಾಷೆಯೇನೋ ಎಂದು ನಿಲ್ಸಾ ಅವನ ಕಣ್ಣು ನೋಡಿದಳು. ತಮಾಷೆಯಾಗಿರಲಿಲ್ಲ.

ನೂರಾ ತೊಂಬತ್ತು ಸಲ ಈ ಆಟ ಕೇಳಿದವಳು ಅವಳು. "ಸೇರ್ತಾರೆ" ಎಂದಳು. "ಮಗಳು ಹುಡುಕ್ಕೊಂಡು ಬರ್ತಾಳೆ, ನೋಡ್ತಾ ಇರಿ."

"ಸದ್ಯ" ಎಂದು ಎಮೆಟ್ ಹಿಂದಕ್ಕೊರಗಿ ಕೂತ.