ಊಟ ಆಯ್ತು

ತುಳುನಾಡಿನ ಮಳೆಗಾಲದ ಆಟಿ ತಿಂಗಳೆಂದರೆ ಈಗ ಬಂಟ್ವಾಳದ ಸಭಾಭವನಗಳಲ್ಲಿ ಮುಖಂಡರು ಪತ್ರೊಡೆ ತಿಂದು, ಹಿಂದಿನವರ ಬಡತನವನ್ನು ಬಾಯ್ತುಂಬ ಹೊಗಳುವ ಕಾಲ. ಮಡಂತ್ಯಾರಿನಾಚೆಯ ಕಾಲನಿಯಲ್ಲಿ ಮಾತ್ರ ಅದು ಹಸಿವಿನ ಹಳೆಯ ಆಟಿಯೇ. ಕೆಂಪುಕಲ್ಲಿನ ಕೋರೆಯಲ್ಲಿ ಮಳೆನೀರು ನಿಂತು ಜತ್ತಪ್ಪನಿಗೆ ಕೆಲಸವಿಲ್ಲ. ರೇಷನ್ ಅಕ್ಕಿ ಅರ್ಧ ತಿಂಗಳಿಗೇ ಮುಗಿಯುತ್ತದೆ. ಆಮೇಲೆ ಅವನ ಹೆಂಡತಿ ಕಾಂತಿಗೆ ಮಳೆಗಾಲಕ್ಕೆಂದು ಸರಕಾರ ಕೊಡುವ ಅಕ್ಕಿ-ಬೇಳೆಯ ಕಿಟ್ಟೊಂದೇ ಆಸರೆ. "ಈಗ ಹಸಿವೆಲ್ಲಿದೆ?" ಎಂದು ಯಾರೋ ದೊಡ್ಡವರು ಭಾಷಣದಲ್ಲಿ ಕೇಳಿದ್ದರಿಂದ ಆ ಕಿಟ್ಟಿಗೂ ಸಮೀಕ್ಷೆ ಬಂತು.

"ಕಾಂತಿಯಕ್ಕ, ನಾಳೆ ಸಮೀಕ್ಷೆಯ ಮೇಡಂ ಬರ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾರಾಯ್ರೆ. ನಾಚಿಕೆ ಮಾಡಿದ್ರೆ ಕಿಟ್ ನಿಲ್ತದೆ," ಎಂದು ಪಂಚಾಯತ್ ಸದಸ್ಯ ಕಮಲಾಕ್ಷ ಎಚ್ಚರಿಸಿದ.

ಹೇಳಿಯೇ ಬಿಡುತ್ತೇನೆಂದು ಕಾಂತಿ ಮನಸ್ಸು ಗಟ್ಟಿ ಮಾಡಿದ್ದಳು. ಆದರೆ ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡದೆ ಇರುವುದುಂಟೇ? ಪಕ್ಕದ ಮನೆಯ ನಫೀಸಮ್ಮನಲ್ಲಿ ಕೇಳಿ ಬೆಲ್ಲ ತಂದಳು. ಹಾಳು ಮರ್ಯಾದೆಗೆ ಎರಡು ಹಿಡಿ ಅವಲಕ್ಕಿಯನ್ನೂ ತಂದಳು.

ಕಮಲಾಕ್ಷನ ಜೊತೆ ಕೊಡೆ ಮಡಚಿ ಒಳಬಂದ ಮೇಡಂ ಒಳ್ಳೆಯವರೇ. ಬೆಲ್ಲ ಕಚ್ಚಿ ನೀರು ಕುಡಿದರು, ಅವಲಕ್ಕಿ ತಿಂದರು. ಬಾಗಿಲ ಸಂದಿಯಿಂದ ಆ ತಟ್ಟೆಯನ್ನೇ ನೋಡುತ್ತಿದ್ದ ಮಗಳು ಸುರಕ್ಷಾಳನ್ನು ಕಾಂತಿ ಕಣ್ಣಲ್ಲೇ ಗದರಿಸಿದಳು.

"ಊಟ ಆಯ್ತಾ?" ಮೇಡಂ ಕೇಳಿದರು.

ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವುದೂ ಇದನ್ನೇ. ಇಲ್ಲವೆಂದ ಮನುಷ್ಯ ಈ ಊರಲ್ಲಿ ಹುಟ್ಟಿಲ್ಲ. ನಿಜ ಗಂಟಲವರೆಗೆ ಬಂದಿತ್ತು.

"ಆಯ್ತು ಮೇಡಂ," ಎಂದುಬಿಟ್ಟಳು ಕಾಂತಿ.

"ರಾತ್ರಿಗೆ?"

"ಉಂಟು, ಉಂಟು."

ಕಮಲಾಕ್ಷ ಹಣೆ ಚಚ್ಚಿಕೊಂಡ. "ಮೇಡಂ, ಅವರು ಸುಮ್ಮನೆ ಹಾಗೆ ಹೇಳುವುದು..."

"ನೀವು ಹೇಳಿಕೊಡಬಾರದು," ಎಂದು ಮೇಡಂ ಮುಂದಿನ ಮನೆಗೆ ನಡೆದರು. ಅಲ್ಲಿಯೂ ಬೆಲ್ಲ ಕಾದಿತ್ತು.

ಮರುವರ್ಷದ ಆಟಿಗೆ ಕಿಟ್ ಬರಲಿಲ್ಲ. ಭಾರಿ ಮಳೆಗೆ ಶಾಲೆಗೂ ರಜೆ, ಹಾಗಾಗಿ ಬಿಸಿಯೂಟವೂ ಇಲ್ಲ. ಕಾಂತಿ ತನ್ನ ನಾಲಿಗೆಗೆ ಶಾಪ ಹಾಕಿದಳು. ಅದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ.

ಒಂದು ಮುಸ್ಸಂಜೆ ಬೇಲಿಯಾಚೆಯಿಂದ ನಫೀಸಮ್ಮ ಕೂಗಿದಳು. "ಕಾಂತೀ, ಊಟ ಆಯ್ತಾ?" ಸೆರಗಿನ ಮರೆಯಲ್ಲಿ ಅವಳ ಕೈಯಲ್ಲೊಂದು ಮುಚ್ಚಿದ ಪಾತ್ರೆ ಇತ್ತು.

ಈ ಸಲ ಇಲ್ಲವೆನ್ನಲು ಕಾಂತಿ ಬಾಯಿ ತೆರೆದಳು. ಅಷ್ಟರಲ್ಲಿ, ಬೆಳಗಿನಿಂದ ಏನೂ ತಿನ್ನದೆ ಚಾಪೆಯ ಮೇಲೆ ಮುದುಡಿ ಮಲಗಿದ್ದ ಸುರಕ್ಷಾ ಅಮ್ಮನ ದನಿಯಲ್ಲೇ ಹೇಳಿದಳು: "ಆಯ್ತಜ್ಜಿ, ಆಯ್ತು."

ನಫೀಸಮ್ಮ ಪಾತ್ರೆ ಹಿಡಿದುಕೊಂಡೇ ಮನೆಗೆ ತಿರುಗಿದಳು.